ಅಪ್ಪನ ಅಕ್ಷರ ಕಾಣೆಯಾಗಿದೆ

"ನನ್ನ ರಕ್ತ ಯಾಕೆ ಬೇಕಾಯ್ತು ಅಂತ ನೀವಾದ್ರೂ ವಿಚಾರಿಸಿ ಹೇಳಿ, ಸಾಹೇಬ್ರೇ."

ವಾಚ್ ರಿಪೇರಿಯ ಯಜಮಾನರು ಎಡಗೈ ತೋಳು ಮಡಚಿ ಮುಂದೆ ಚಾಚಿದರು. ತಮಗೆ ಕಾಣದ ಗಾಯವನ್ನು ಕಣ್ಣಿದ್ದವರಿಗೆ ತೋರಿಸುವುದರಲ್ಲಿ ಅವರಿಗೆ ಒಂದು ಗತ್ತಿತ್ತು. ಮೊಣಕೈಯ ಒಳಮಡಿಕೆಯಲ್ಲಿ ನೀಲಿಯಿಂದ ಹಳದಿಗೆ ತಿರುಗುತ್ತಿದ್ದ, ರಕ್ತ ಕಂದಿದ ದೊಡ್ಡ ಗುರುತು.

ನಿಧಾನಪ್ಪ ಬಗ್ಗಿ ನೋಡಿದರು. ಪೊಲೀಸ್ ಇಲಾಖೆಯಲ್ಲಿದ್ದಾಗ ಸಹೋದ್ಯೋಗಿಗಳು ಬೇಸತ್ತು ಇಟ್ಟ ಹೆಸರದು. ನಿವೃತ್ತರಾಗುವಾಗ ಪಿಂಚಣಿಯ ಜತೆಗೆ ಅದನ್ನೂ ಮನೆಗೆ ತಂದಿದ್ದರು. ಈಗ ಖಾಸಗಿಯಾಗಿ ಪತ್ತೆ ಕೆಲಸ ಮಾಡುತ್ತಿದ್ದರೂ ಹೆಸರಿಗೆ ಕುಂದು ಬರದಂತೆ ನಡೆದುಕೊಂಡಿದ್ದರು.

"ತೆಗೆದದ್ದು ಯಾರು?"

"ಕತ್ತರಿ ಮೇಡಂ. ಅವರೇ ಅಂಗಡಿಗೆ ಬಂದ್ರು. ನನ್ನದೂ ತಗೊಂಡ್ರು, ನಮ್ಮನೆಯವಳದೂ ತಗೊಂಡ್ರು. ಎಷ್ಟು ಸಲ ಚುಚ್ಚಿದ್ರು ಅಂತೀರಿ! ಮುನ್ನೂರು ಕೋಟಿ ಅಕ್ಷರದಲ್ಲಿ ತಪ್ಪಿರೋ ಒಂದೇ ಅಕ್ಷರ ಹುಡುಕಿ ಕತ್ತರಿಸ್ತಾರಂತೆ. ನನ್ನ ತೋಳಲ್ಲಿ ಹಗ್ಗದ ಹಾಗಿರೋ ನರ ಅವರಿಗೆ ಸಿಗಲಿಲ್ಲ."

"ಅಪ್ಪಾ, ಸಾಕು. ಅವರು ಕೇಳಿಸ್ಕೊಂಡಾರು," ಎಂದಳು ಪಕ್ಕದಲ್ಲಿದ್ದ ಮಗಳು.

"ಕೇಳಿಸ್ಕೊಳ್ಳಲಿ ಅಂತಾನೇ ಹೇಳಿದ್ದು ಕಣಮ್ಮ."

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಮಗಳು ಅಂಗಡಿಯನ್ನೇ ಹರಡಿಕೊಂಡಿದ್ದಳು. ತೊಡೆಯ ಮೇಲೊಂದು ಬಿಳಿ ಬಟ್ಟೆ, ಅದರ ಮೇಲೆ ನರ್ಸೊಬ್ಬಳ ಕೈಗಡಿಯಾರ, ಬೆನ್ನು ಬಿಚ್ಚಿದ್ದು, ಸೊಂಟದಲ್ಲಿ ಚಿಮುಟ, ಅಲಗುಗಳನ್ನಿಟ್ಟ ಚರ್ಮದ ಪುಟ್ಟ ಚೀಲ. ಕುಂಚವನ್ನು ಸ್ಪಿರಿಟ್‌ನಲ್ಲಿ ಅದ್ದಿ ಹಲ್ಲುಚಕ್ರವೊಂದನ್ನು ತೊಳೆಯುತ್ತಿದ್ದಳು. ನೇರವಾಗಿ ನೋಡಿದರೆ ನೋಟದ ನಡುಮಧ್ಯೆ ಮಸುಕು. ಹಾಗಾಗಿ ಮುಖವನ್ನು ಹಕ್ಕಿಯಂತೆ ಓರೆ ಮಾಡಿ ಕಣ್ಣಂಚಿನಿಂದ ನೋಡುವುದನ್ನು ಕಲಿತಿದ್ದಳು. ಉಳಿದದ್ದನ್ನು ಬೆರಳಿಗೆ ಬಿಟ್ಟಿದ್ದಳು. ಬೆರಳು ಎಲ್ಲೂ ತಡವರಿಸುತ್ತಿರಲಿಲ್ಲ.

"ಇಡೀ ಆಸ್ಪತ್ರೆ ಇವಳ ಗಿರಾಕಿ ಈಗ," ಎಂದರು ಅಪ್ಪ, ಹೆಮ್ಮೆಯನ್ನು ದೂರಿನ ಧಾಟಿಯಲ್ಲಿ ಹೇಳುತ್ತ. "ಗೋಡೆ ಗಡಿಯಾರಾನೂ ಬಿಟ್ಟಿಲ್ಲ. ಆ ಮಂಜಿನ ಟ್ಯಾಂಕಿನ ಕೋಣೇಲಿ ಒಂದು ನಿಂತು ಹೋಗಿತ್ತಂತೆ, ಅದನ್ನೂ ಓಡಿಸಿ ಬಂದಿದ್ದಾಳೆ. ರೋಗಿ ಅಂತ ಬಂದು ರಿಪೇರಿಯವಳಾದ್ಲು."

ನಿಧಾನಪ್ಪ ನಕ್ಕರು. ಆದರೆ ಅವರ ಮನಸ್ಸು ಆ ಕಂದಿದ ಗುರುತನ್ನು ಬಿಟ್ಟು ಬಂದಿರಲಿಲ್ಲ.

ಅವರನ್ನು ಇಲ್ಲಿಗೆ ಕರೆಸಿದ್ದು ಒಂದು ವಿಚಿತ್ರ ಕೊಲೆ. ಸತ್ತವಳ ಹೆಸರು ರಾಣಿ. ಶವವೆಂದರೆ ಆರು ಪುಟ್ಟ ಟ್ಯೂಬು. ಈ ಹುಡುಗಿಯ ರಕ್ತದಿಂದಲೇ ತಯಾರಿಸಿ, ಅಪ್ಪನಿಂದ ಬಂದ ದೋಷವನ್ನು ತಿದ್ದಿ, ಮಂಜುಗಟ್ಟಿಸಿ ಇಟ್ಟಿದ್ದ, ದೇಹದ ಯಾವ ಭಾಗವಾಗಿಯೂ ಬೆಳೆಯಬಲ್ಲ ಆಕರ ಕೋಶಗಳು. ಯಾರೋ ಅವನ್ನು ಟ್ಯಾಂಕಿನಿಂದ ತೆಗೆದು ಮೇಜಿನ ಮೇಲೆ ಕರಗಲು ಬಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ರಾಣಿ ನಿರ್ವಂಶ.

"ಕೊಲೆ ಅಂತ ಬರೀಲಾ, ನಷ್ಟ ಅಂತ ಬರೀಲಾ ಸಾರ್?" ಎಂದು ಹಳೆಯ ಶಿಷ್ಯ ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡಿದ್ದ. ಕೊನೆಗೆ ನಷ್ಟ ಎಂದು ಬರೆದು, ಪತ್ತೆಯನ್ನು ಗುರುಗಳ ತಲೆಗೆ ಕಟ್ಟಿ ಹೋಗಿದ್ದ.

"ಸಾರ್," ಮಗಳು ಕುಂಚ ಕೆಳಗಿಟ್ಟಳು. "ಇವತ್ತು ಮಧ್ಯಾಹ್ನ ರಾಣಿ ಬದಲಿಗೆ ಇಟ್ಟಿದ್ದ ಇನ್ನೊಂದು ತಳಿ, ಸೋಮಾರಿಯನ್ನ, ನನ್ನ ಕಣ್ಣಿಗೆ ಅಂತ ಬಿತ್ತಿ ಬೆಳೆಸೋಕೆ ಶುರು ಮಾಡ್ತಾರಂತೆ. ನಾನು ರುಜು ಹಾಕಬೇಕು. ಇವತ್ತು ಶುರು ಮಾಡಿದ್ರೆ ನನ್ನ ಕಣ್ಣಲ್ಲಿ ಇನ್ನೂ ಉಳಿಸೋಕೆ ಏನಾದ್ರೂ ಇರುತ್ತೆ. ಮತ್ತೆ ರಕ್ತ ತೆಗೆದು ಮೊದಲಿಂದ ಬಂದ್ರೆ ಇರಲ್ಲ. ಕೊಂದದ್ದು ಯಾರು ಅಂತ ನಿಮಗೆ ಬೇಕು. ನನಗೆ ಬೇಕಾದ್ದು ಇಷ್ಟೇ, ನನ್ನ ಕಣ್ಣೊಳಗೆ ಹೋಗೋದು ಯಾರು?"

ನಿಧಾನಪ್ಪ ತಕ್ಷಣ ಉತ್ತರ ಕೊಡುವ ಜಾಯಮಾನದವರಲ್ಲ. "ಕೇಳಿ ಬರ್ತೀನಮ್ಮ," ಎಂದಷ್ಟೇ ಹೇಳಿ ಎದ್ದರು.

"ಬೇಗ," ಎಂದಳು ಅವಳು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

*

ಜೀವಕೋಶ ಸಾಕುವ ಕೋಣೆಯ ಹೊರಗೆ ದಾದಿ ಕಾಯುತ್ತಿದ್ದಳು. ಆಸ್ಪತ್ರೆಯ ದಾದಿಯಲ್ಲ, ಜೀವಕೋಶಗಳ ದಾದಿ. ದಿನಾ ಅವುಗಳ ಹಳಸಿದ ದ್ರವ ಹೀರಿ ಹೊಸ ಆಹಾರ ಹಾಕುವುದು ಅವಳ ಕೆಲಸ. ಅವಕ್ಕೆ ಭಾನುವಾರ ಗೊತ್ತಿಲ್ಲವಾದ್ದರಿಂದ ಇವಳಿಗೂ ಗೊತ್ತಿರಲಿಲ್ಲ. ತಂಗಿಯ ಮದುವೆಯ ದಿನವೂ ಧಾರೆ ಮುಗಿಸಿಕೊಂಡು ಬಂದು ಉಣಿಸಿ ಹೋಗಿದ್ದಳೆಂದು ಪ್ರತೀತಿ.

"ಚಪ್ಪಲಿ ಬಿಡಿ ಸಾರ್. ಇದು ಹಾಕ್ಕೊಳ್ಳಿ. ತಲೆಗೂ. ಗಡ್ಡ ಇಲ್ಲದಿರೋದು ಒಳ್ಳೇದಾಯ್ತು."

ನೀಲಿ ಟೋಪಿ ಧರಿಸಿ ನಿಧಾನಪ್ಪ ಒಳಗೆ ಬಂದರು. ಕೋಣೆ ಒಬ್ಬ ಶಿಸ್ತಿನ ಅಜ್ಜಿಯ ಅಡುಗೆಮನೆಯಷ್ಟು ಚೊಕ್ಕವಾಗಿತ್ತು. ಗೂಡಿನಂಥ ಬೆಚ್ಚನೆಯ ಪೆಟ್ಟಿಗೆಗಳು, ಸಣ್ಣಗೆ ಮೊರೆಯುವ ಗಾಳಿ.

"ರಾಣಿನ ಆರಿಸಿದ್ದು ನೀನೇ ಅಲ್ಲವಾ?"

"ನಾನೇ." ದಾದಿಯ ದನಿ ಒದ್ದೆಯಾಯಿತು. "ಕತ್ತರಿ ಹಾಕಿದ ಮೇಲೆ ಒಂದೊಂದು ಕೋಶಾನೂ ಬೇರೆ ಬೇರೆ ಬಿಡ್ತೀವಿ ಸಾರ್. ಒಂದೊಂದೂ ಬೆಳೆದು ಒಂದೊಂದು ಸಂಸಾರ ಆಗುತ್ತೆ. ಸೂಕ್ಷ್ಮದರ್ಶಕದಲ್ಲಿ ನೋಡಿ, ಚೆನ್ನಾಗಿರೋದನ್ನ ಎತ್ತಿ ಬೇರೆ ತಟ್ಟೆಗೆ ಹಾಕ್ತೀನಿ. ಹೆಣ್ಣು ನೋಡೋಕೆ ಹೋದ ಅತ್ತೆ ಥರ. ರಾಣಿ ಅಂದ್ರೆ... ದುಂಡಗೆ, ಅಂಚು ನುಣ್ಣಗೆ, ಒಂದು ಕೋಶ ಆಚೀಚೆ ಇಲ್ಲ. ಬೆಳೆಯೋದೂ ಹಾಗೇ, ಇವತ್ತು ಹಾಕಿದ್ರೆ ನಾಳೆ ತಟ್ಟೆ ತುಂಬ. ನನ್ನ ಕೈಯಲ್ಲಿ ಅಂಥವಳು ಇನ್ನೊಬ್ಬಳು ಬಂದಿಲ್ಲ."

"ಸೋಮಾರಿ?"

"ಅಯ್ಯೋ, ಅವಳನ್ನ ಇಟ್ಟುಕೊಂಡಿದ್ದೇ ಒಂದು ಜೊತೆಗಿರಲಿ ಅಂತ. ಅಂಚು ಹರಕು ಹರಕು. ಒಂದು ಕೋಶ ಎರಡಾಗೋಕೆ ಯೋಚನೆ ಮಾಡ್ಕೊಂಡು ಕೂರ್ತಿದ್ಲು."

ನಿಧಾನಪ್ಪನವರಿಗೆ ಸೋಮಾರಿಯ ಮೇಲೆ ಒಮ್ಮೆಗೇ ಅಭಿಮಾನ ಉಕ್ಕಿತು.

"ಆದ್ರೆ ಪಾಪ, ಈಗ ಹಾಗಿಲ್ಲ," ದಾದಿ ಕಣ್ಣೊರೆಸಿಕೊಂಡು ನಕ್ಕಳು. "ರಾಣಿ ಹೋದ ಮೇಲೆ ಇವಳನ್ನ ಮಂಜಿಂದ ಎಬ್ಬಿಸಿದ್ವಲ್ಲ, ಮೊದಲೆರಡು ದಿನ ಮುದುಡಿಕೊಂಡಿದ್ಲು. ಆಮೇಲೆ ಅಕ್ಕ ಇಲ್ಲ ಅಂತ ಜವಾಬ್ದಾರಿ ಬಂತೋ ಏನೋ, ಚುರುಕಾಗಿಬಿಟ್ಟಿದ್ದಾಳೆ. ನಿರ್ದೇಶಕರೂ ಖುಷಿಯಾಗಿದ್ದಾರೆ."

"ಕತ್ತರಿ ಮೇಡಂ ನೋಡಿದ್ರಾ?"

"ಎಲ್ಲಿ ಸಾರ್? ತನಿಖೆ ಮುಗಿಯೋವರೆಗೂ ಅವರು ಈ ಕೋಣೆಗೆ ಬರಬಾರದು ಅಂತ ನಿರ್ದೇಶಕರ ಆಜ್ಞೆ. ಅವರು ಮಾಡಿದ ಕೆಲಸ, ಅವರನ್ನೇ ಹೊರಗೆ ನಿಲ್ಲಿಸಿದ್ದಾರೆ."

ಟ್ಯಾಂಕಿನ ಕೋಣೆ ಪಕ್ಕದಲ್ಲೇ ಇತ್ತು. ದಾದಿ ದಪ್ಪ ಕೈಗವಸು ತೊಟ್ಟು ಮುಚ್ಚಳ ಎತ್ತಿದಳು. ಬಿಳಿ ಹೊಗೆ ಅಂಚು ದಾಟಿ ನೆಲಕ್ಕೆ ಇಳಿಯಿತು. ಅವಳು ಮೇಲೆತ್ತಿದ ಪೆಟ್ಟಿಗೆಯೊಳಗಿನ ಟ್ಯೂಬುಗಳಿಗೆಲ್ಲ ಕಣ್ಣೆದುರೇ ಮಂಜಿನ ತುಪ್ಪಳ ಬಂದು ಹೆಸರುಗಳು ಮುಚ್ಚಿಹೋದವು.

"ಹೆಸರು ಓದೋದು ಹೇಗೆ?"

"ಓದಲ್ಲ ಸಾರ್. ಓದ್ತಾ ನಿಂತ್ರೆ ಒಳಗಿರೋರು ಕರಗ್ತಾರೆ. ಮುಚ್ಚಳದ ನೆತ್ತಿ ಮೇಲೆ ಬಣ್ಣದ ಬಿಲ್ಲೆ ಇದೆಯಲ್ಲ, ಅದೇ ಗುರುತು. ಕೆಂಪು ರಾಣಿ. ಹಳದಿ ಸೋಮಾರಿ. ಕರಗಿಸಿದ ಮೇಲೆ ತೆರೆಯೋಕೆ ಮುಂಚೆ ಸ್ಪಿರಿಟ್ ಹಾಕಿ ಒರೆಸ್ತೀವಿ, ಆಗ ಪೆನ್ನಲ್ಲಿ ಬರೆದ ಹೆಸರೂ ಹೊರಟುಹೋಗುತ್ತೆ. ಎಲ್ಲರೂ ಗೊಣಗ್ತಾರೆ, ಯಾರೂ ಪೆನ್ನು ಬದಲಾಯಿಸಿಲ್ಲ."

ಗೋಡೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅಚ್ಚುಕಟ್ಟಾಗಿ, ಒಂದು ಚೂರೂ ಹೆಚ್ಚು ಕಡಿಮೆ ಇಲ್ಲದೆ.

*

ಕತ್ತರಿ ಮೇಡಂ ತಮ್ಮ ಕೋಣೆಯಲ್ಲಿ ಚಹಾದ ಲೋಟ ಮುಂದಿಟ್ಟುಕೊಂಡು ಕುಡಿಯುವುದನ್ನು ಮರೆತು ಕೂತಿದ್ದರು. ಐವತ್ತರ ಆಸುಪಾಸು. ಮೂಗಿನ ತುದಿಗಿಳಿದ ಕನ್ನಡಕ. ಬಿಳಿ ಕೋಟಿನ ಜೇಬಿನಲ್ಲಿ ಪೆನ್ನಿಗಿಂತ ಹೆಚ್ಚಾಗಿ ಹೇರ್‌ಪಿನ್ನುಗಳು.

"ಕೂತ್ಕೊಳ್ಳಿ. ಇವತ್ತು ಯಾರ ಮೇಲೆ ಅನುಮಾನ?"

"ನಿಮ್ಮ ಮೇಲೆ," ಎಂದರು ನಿಧಾನಪ್ಪ, ಕುರ್ಚಿ ಎಳೆದುಕೊಳ್ಳುತ್ತ.

ಮೇಡಂ ಮುಖದಲ್ಲಿ ಕಂಡದ್ದು ಭಯವಲ್ಲ. ಕಠಿಣ ಲೆಕ್ಕ ಪಡೆದ ವಿದ್ಯಾರ್ಥಿ ಮೊದಲ ಸಾಲು ಸರಿಯಾಗಿ ಬರೆದಾಗ ಮೇಷ್ಟರ ಮುಖದಲ್ಲಿ ಮೂಡುವ ಕುತೂಹಲ.

"ಹೇಗೆ?"

"ನಿಮಗೆ ಸೂಜಿ ಚುಚ್ಚೋಕೆ ಬರಲ್ಲ."

"ಅದು ಊರಿಗೆಲ್ಲ ಗೊತ್ತು."

"ಈ ಕಟ್ಟಡದ ತುಂಬ ಕಣ್ಣು ಮುಚ್ಚಿ ರಕ್ತ ತೆಗೆಯೋ ನರ್ಸ್‌ಗಳಿದ್ದಾರೆ. ಅವರನ್ನ ಬಿಟ್ಟು ನೀವೇ ಅಂಗಡಿಗೆ ಹೋಗಿ ಆ ಯಜಮಾನರ ತೋಳನ್ನ ಜರಡಿ ಮಾಡಿದ್ದೀರಿ. ಯಾರಿಗೂ ತಿಳೀಬಾರದು ಅಂತ. ನಾನು ಅಲ್ಲೇ ನಿಂತೆ. ಮಗಳ ಕೋಶ ಕೈಯಲ್ಲಿರುವಾಗ ಅಪ್ಪ ಅಮ್ಮನ ರಕ್ತ ಯಾಕೆ?"

"ಯಾಕಿರಬಹುದು?"

"ಆಸ್ತಿ ಜಗಳದಲ್ಲಿ ಅಪ್ಪ ಅಮ್ಮನ ತನಕ ಹೋಗೋದು ಒಂದೇ ಕಾರಣಕ್ಕೆ ಮೇಡಂ. ಯಾವ ಪಾಲು ಯಾರ ಕಡೆಯಿಂದ ಬಂತು ಅಂತ ತಿಳಿಯೋಕೆ."

ಕತ್ತರಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿಯ ಕಡೆ ನೋಡಿದರು. ಆಮೇಲೆ, ತುಂಬ ದಿನ ಒಬ್ಬರೇ ಹೊತ್ತ ಮೂಟೆ ಇಳಿಸುವವರ ಹಾಗೆ, "ಬಾಗಿಲು ಹಾಕಿ ಬನ್ನಿ," ಎಂದರು.

ನಿಧಾನಪ್ಪ ಹಾಕಿ ಬಂದರು.

"ನಮ್ಮ ಒಂದೊಂದು ಕೋಶದಲ್ಲೂ ಡಿಎನ್ಎ ಅನ್ನೋ ಬರಹದ ಎರಡು ಪ್ರತಿ ಇರುತ್ತೆ. ಒಂದು ಅಮ್ಮನ ಕಡೆದು, ಒಂದು ಅಪ್ಪನ ಕಡೆದು. ಈ ಹುಡುಗಿಗೆ ಅಪ್ಪನ ಪ್ರತೀಲಿ ಒಂದು ಅಕ್ಷರ ತಪ್ಪು. ಅಷ್ಟಕ್ಕೇ ಕಣ್ಣು ಹೋಗ್ತಿದೆ. ನಾವು ಕೋಶದೊಳಕ್ಕೆ ಕಳಿಸಿದ ಕತ್ತರಿ, ಅದೊಂದು ಪ್ರೋಟೀನು, ಆ ಮುನ್ನೂರು ಕೋಟಿ ಅಕ್ಷರದ ಮಧ್ಯೆ ಈಜಿಕೊಂಡು ಹೋಗಿ, ಸರಿಯಾಗಿ ಅದೇ ಜಾಗ ಹಿಡಿದು ಕತ್ತರಿಸಿತು. ಬೇರೆಲ್ಲಾದ್ರೂ ತಪ್ಪಾಗಿ ಕತ್ತರಿಸಿದೆಯಾ ಅಂತ ಮೂಲೆ ಮೂಲೆ ಹುಡುಕಿದ್ವಿ. ಇಲ್ಲ. ಒಂದು ಗೀರೂ ಇಲ್ಲ."

ಹೇಳುವಾಗ ಅವರ ಕಣ್ಣು ಹೊಳೆಯಿತು. ಆ ಹೊಳಪು ನಿಧಾನಪ್ಪನವರಿಗೂ ಅಂಟಿತು. ಒಂದೇ ಬೀದಿಯಲ್ಲಿ ಒಂದೇ ಮನೆ ಹುಡುಕಲು ಮೂವರು ಪೇದೆಗಳನ್ನು ಕಳಿಸಿ, ಮೂವರೂ ಬೇರೆ ಬೇರೆ ಮನೆಯ ಬಾಗಿಲು ತಟ್ಟಿದ್ದನ್ನು ಕಂಡವರು ಅವರು.

"ಅಬ್ಬಾ," ಎಂದರು ಮನಸಾರೆ.

"ಅಬ್ಬಾ ಅನ್ನೋದು ಅಲ್ಲಿಗೇ ಮುಗಿಯಲ್ಲ. ಕತ್ತರಿಸೋದು ಮಾತ್ರ ನಾವು. ಹೊಲಿಯೋದು ಕೋಶಾನೇ. ಅದಕ್ಕೆ ಯಾರೂ ಕಲಿಸಿಲ್ಲ. ನಾವು ಪಕ್ಕದಲ್ಲಿ ಸರಿಯಾದ ಅಕ್ಷರದ ಒಂದು ತುಂಡು ಇಟ್ಟಿರ್ತೀವಿ, ಅದನ್ನ ನೋಡ್ಕೊಂಡು ಹೊಲಿದುಬಿಡುತ್ತೆ. ಎಷ್ಟು ನೋಡಿದ್ರೂ ನನಗೆ ಸಾಕಾಗಲ್ಲ. ಸೋಮಾರಿ ಹಾಗೇ ಹೊಲಿದುಕೊಂಡ್ಲು, ಅಚ್ಚುಕಟ್ಟಾಗಿ."

"ರಾಣಿ?"

"ರಾಣಿಯ ಪರೀಕ್ಷೇಲೂ ತಪ್ಪಕ್ಷರ ಕಾಣಲಿಲ್ಲ. ಬರೀ ಸರಿಯಾದ್ದೇ. ನಿರ್ದೇಶಕರು ಸಿಹಿ ಹಂಚಿದ್ರು. ನಾನೂ ತಿಂದೆ." ಮೇಡಂ ಲೋಟವನ್ನು ಅತ್ತ ಸರಿಸಿದರು. "ಆಮೇಲೆ ಒಂದು ದಿನ ಅದೇ ಪರೀಕ್ಷೆಯ ಚಿತ್ರ ನೋಡ್ತಾ ಕೂತಿದ್ದೆ. ಆ ತಪ್ಪಕ್ಷರದ ಸ್ವಲ್ಪ ಆಚೆ ಇನ್ನೊಂದು ಜಾಗ ಇದೆ. ಅಲ್ಲಿ ಅಮ್ಮನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಅದರಿಂದ ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಮಗಳ ಮೂಲ ರಕ್ತದಲ್ಲಿ ಎರಡೂ ಕಾಣುತ್ತೆ. ಸೋಮಾರೀಲೂ ಎರಡೂ ಕಾಣುತ್ತೆ. ರಾಣೀಲಿ ಒಂದೇ."

ನಿಧಾನಪ್ಪ ಎರಡು ಬೆರಳು ಎತ್ತಿ, ಒಂದನ್ನು ಮಡಚಿದರು.

"ಇಬ್ಬರಿರೋ ಮನೆ," ಎಂದರು. "ಬಾಗಿಲು ತಟ್ಟಿದ್ರೆ ಒಬ್ಬರದೇ ದನಿ."

"ಹೂಂ. ಆ ಒಂಟಿ ದನಿ ಯಾರದು ಅಂತ ಗೊತ್ತಾಗಬೇಕಿತ್ತು. ಅದಕ್ಕೇ ಅಪ್ಪ ಅಮ್ಮನ ರಕ್ತ ತಂದೆ. ದನಿ ಅಮ್ಮನದು. ಅಪ್ಪನ ಅಕ್ಷರ ಕಾಣೆ."

"ಎಲ್ಲಿ ಹೋಯ್ತು?"

"ಬಿದ್ದುಹೋಯ್ತು. ಕತ್ತರಿ ಸರಿಯಾದ ಜಾಗದಲ್ಲೇ ಕತ್ತರಿಸಿತು, ಆದ್ರೆ ಹೊಲಿಯುವಾಗ ಆ ಕೋಶ ಎರಡು ಕಡೆಯ ಬಟ್ಟೆನೂ ಸಾಕಷ್ಟು ಕಳ್ಕೊಂಡು, ಉಳಿದದ್ದನ್ನ ಎಳೆದು ಸೇರಿಸಿಬಿಟ್ಟಿತು. ನಮ್ಮ ಪರೀಕ್ಷೆ ಬಕೆಟ್ಟಿನ ಹಿಡಿ ಹಿಡಿದು ಎತ್ತೋ ಥರ, ಹಿಡಿ ಸಿಕ್ಕಿದ್ದನ್ನ ಮಾತ್ರ ಓದುತ್ತೆ. ಅಪ್ಪನ ಪ್ರತೀಲಿ ಹಿಡಿಯೂ ಕಿತ್ತುಹೋಗಿದೆ. ಪರೀಕ್ಷೆಗೆ ಸಿಕ್ಕಿದ್ದು ಅಮ್ಮನ ಪ್ರತಿ ಒಂದೇ, ಅದರಲ್ಲಿ ತಪ್ಪು ಮೊದಲಿಂದಲೂ ಇರಲಿಲ್ಲ. ಹಾಜರಿ ಕರೆದಾಗ, ಬಾರದೇ ಇದ್ದವನು ಇಲ್ಲ ಅಂತ ಕೂಗ್ತಾನಾ? ಬಂದವನೊಬ್ಬನೇ ಕೂಗಿದ. ನಾವು ತರಗತಿ ಪೂರ್ತಿ ಇದೆ ಅಂದ್ಕೊಂಡ್ವಿ. ಬೇರೆ ಥರ ಎಣಿಸಿ ನೋಡಿದೆ. ಎರಡು ಪ್ರತಿ ಇರಬೇಕಾದಲ್ಲಿ ಒಂದೇ."

"ಅಪ್ಪನ ಕೆಟ್ಟ ಪ್ರತಿ ಹೋದ್ರೆ ಒಳ್ಳೇದೇ ಅಲ್ಲವಾ?"

"ಹೋಗುವಾಗ ಪಕ್ಕದ ಮನೆಯನ್ನೂ ಎಳ್ಕೊಂಡು ಹೋಗಿದೆ. ಬೆಳೆದದ್ದು ಸಾಕು, ನಿಲ್ಲಿಸು ಅಂತ ಕೋಶಕ್ಕೆ ಹೇಳೋ ಒಂದು ಜೀನ್ ಅಲ್ಲೇ ಇದೆ. ಅದರದೂ ಈಗ ಒಂದೇ ಪ್ರತಿ. ರಾಣಿ ಯಾಕೆ ಅಷ್ಟು ದುಂಡಗೆ, ಅಷ್ಟು ಬೇಗ ಬೆಳೀತಿದ್ಲು? ನಮ್ಮ ದಾದಿ ಅವಳನ್ನೇ ಯಾಕೆ ಆರಿಸಿದ್ಲು? ಚೆಲುವು ನೋಡಿ ಆರಿಸೋದು ನಮ್ಮ ಪದ್ಧತಿ. ಆ ಚೆಲುವೇ ಕಾಯಿಲೆ. ಅಂಥವಳನ್ನ ಕಣ್ಣೊಳಗೆ ಇಟ್ರೆ, ಅವಳು ಬೆಳೆಯೋದನ್ನ ನಿಲ್ಲಿಸ್ತಾಳೆ ಅಂತ ಬರೆದುಕೊಡೋರು ಯಾರು?"

ಹೊರಗೆ ಯಾರೋ ತಳ್ಳುಗಾಡಿ ನೂಕಿಕೊಂಡು ಹೋದರು. ಚಕ್ರದ ಸದ್ದು ದೂರವಾಗುವ ತನಕ ಮೇಡಂ ಬಾಗಿಲಿನ ಕಡೆ ನೋಡಿದರು.

"ಇದನ್ನ ಬಾಯಿಬಿಟ್ಟು ಹೇಳಬಹುದಿತ್ತು," ಎಂದರು ನಿಧಾನಪ್ಪ.

"ಹೇಳಿದ್ರೆ ಸಮಿತಿ, ಸಮಿತಿಯ ಮೇಲೊಂದು ಸಮಿತಿ. ಅವರು ಕೇಳೋದರಲ್ಲಿ ತಪ್ಪಿಲ್ಲ, ನಾನಾಗಿದ್ರೂ ಕೇಳ್ತಿದ್ದೆ. ಆದ್ರೆ ಎಲ್ಲ ನಿಂತುಹೋಗುತ್ತೆ. ಅವರು ಮತ್ತೆ ಬಾಗಿಲು ತೆಗೆಯೋಷ್ಟರಲ್ಲಿ ಈ ಹುಡುಗಿಯ ಕಣ್ಣು ಮುಚ್ಚಿರುತ್ತೆ. ಟ್ಯಾಂಕಲ್ಲಿ ಸೋಮಾರಿ ಇದ್ದಾಳೆ, ಒಳ್ಳೆಯವಳು. ರಾಣಿ ಆಕಸ್ಮಿಕವಾಗಿ ಸತ್ರೆ ತಾನಾಗೇ ಸೋಮಾರಿಯ ಸರದಿ. ಕೆಂಪು ಬಿಲ್ಲೆಯ ಆರೂ ಟ್ಯೂಬು ತೆಗೆದು ಮೇಜಿನ ಮೇಲಿಟ್ಟೆ. ಕುರ್ಚಿ ಹಾಕ್ಕೊಂಡು, ಮಂಜು ಕರಗಿ ನೀರಾಗೋವರೆಗೂ ಅಲ್ಲೇ ಕೂತಿದ್ದೆ." ಮೇಡಂ ಮೇಜಿನ ಮೇಲಿದ್ದ ಕನ್ನಡಕದ ಕಡ್ಡಿಗಳನ್ನು ಮಡಚಿದರು. "ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ನನ್ನ ಕೈಯಾರೆ ಆದವಳು."

ನಿಧಾನಪ್ಪ ಎಷ್ಟೋ ತಪ್ಪೊಪ್ಪಿಗೆ ಕೇಳಿದವರು. ಕೇಳಿದ ಮೇಲೆ ಎದ್ದು ಕೈ ಮುಗಿಯಬೇಕೆನಿಸಿದ್ದು ಇದೇ ಮೊದಲು. ಮುಗಿಯಲಿಲ್ಲ, ಏಕೆಂದರೆ ಕೆಲಸ ಮುಗಿದಿರಲಿಲ್ಲ. ಜೇಬಿನಿಂದ ಪ್ಲಾಸ್ಟಿಕ್ ಲಕೋಟೆ ತೆಗೆದು ಮೇಜಿನ ಮೇಲೆ ಸುರಿದರು. ಆರು ಟ್ಯೂಬು, ಆರು ಕೆಂಪು ನೆತ್ತಿ.

"ಎಲ್ಲ ಸರಿ ಮೇಡಂ. ಒಂದು ಕೇಳಬೇಕಿತ್ತು. ಹೆಸರು ಯಾಕೆ ಒರೆಸಿದ್ರಿ?"

"ಯಾವ ಹೆಸರು?"

"ಇವುಗಳ ಮೇಲೆ ಪೆನ್ನಲ್ಲಿ ಬರೆದದ್ದು. ತೆರೆಯೋಕೆ ಮುಂಚೆ ಸ್ಪಿರಿಟ್ ಹಾಕಿದಾಗ ಹೆಸರು ಹೋಗುತ್ತೆ ಅಂತ ಗೊತ್ತಾಯ್ತು. ಆದ್ರೆ ಇವನ್ನ ತೆರೆದೇ ಇಲ್ಲ. ಬರೀ ಮಂಜಿನ ನೀರಿಗೆ ಆ ಶಾಯಿ ಹೋಗಲ್ಲ, ನಾನೇ ಬೇರೆ ಟ್ಯೂಬು ನೆನೆಸಿಟ್ಟು ನೋಡಿದೆ."

ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿದರು. ಬೋಳು. ಎಲ್ಲವೂ ಬೋಳು.

"ನಾನು ಒರೆಸಿಲ್ಲ," ಎಂದರು ನಿಧಾನವಾಗಿ. "ಬಣ್ಣ ನೋಡಿ ತೆಗೆದೆ. ಹೆಸರಿನ ಕಡೆ ನೋಡಲೇ ಇಲ್ಲ."

"ಈ ಬಿಲ್ಲೆ ಕಿತ್ತು ಬರುತ್ತಾ?"

"ಉಗುರು ಹಾಕಿದ್ರೆ ಬರುತ್ತೆ. ಯಾಕೆ?"

ನಿಧಾನಪ್ಪ ಒಂದು ಟ್ಯೂಬಿನ ನೆತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆಂಪು ಬಿಲ್ಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಚ್ಚು. ಎರಡನೆಯದರಲ್ಲೂ ಅದೇ ಜಾಗದಲ್ಲಿ, ಅಷ್ಟೇ ಆಳಕ್ಕೆ. ಉಗುರಿನ ಕೆಲಸವಲ್ಲ. ತೆಳುವಾದ ಲೋಹದ ಅಲಗು, ಅದನ್ನು ಹಿಡಿದದ್ದು ಒಂದು ಚೂರೂ ನಡುಗದ ಕೈ.

ಅವರ ತಲೆಯೊಳಗೆ ದಾದಿಯ ನಗು ಮತ್ತೊಮ್ಮೆ ಕೇಳಿಸಿತು. *ಚುರುಕಾಗಿಬಿಟ್ಟಿದ್ದಾಳೆ.*

"ಮೇಡಂ, ಏಳಿ."

"ಎಲ್ಲಿಗೆ? ನನಗೆ ಆ ಕೋಣೆಗೆ..."

"ನಿರ್ದೇಶಕರ ಹತ್ತಿರ ಬೈಸಿಕೊಳ್ಳೋಕೆ ನಾನಿದ್ದೀನಿ. ಬೇಗ ಏಳಿ."

ನಿಧಾನಪ್ಪನವರ ಬಾಯಲ್ಲಿ ಬೇಗ ಎಂಬ ಮಾತು ಬಂದದ್ದಕ್ಕೆ ಸಾಕ್ಷಿಯಾಗಿ ಇಲಾಖೆಯವರು ಯಾರೂ ಅಲ್ಲಿರಲಿಲ್ಲ.

*

ದಾದಿ ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮುಚ್ಚಳದ ಮೇಲೆ ಹಳದಿ ಪಟ್ಟಿ. "ನೋಡಿ ಅಕ್ಕಾ, ನಮ್ಮ ಸೋಮಾರಿನ," ಎಂದಳು ಸಂಭ್ರಮದಿಂದ.

ಕತ್ತರಿ ಮೇಡಂ ಬಗ್ಗಿ ಕಣ್ಣಿಟ್ಟರು. ಚಕ್ರ ತಿರುಗಿಸಿದರು. ತಟ್ಟೆಯನ್ನು ಸ್ವಲ್ಪ ಸರಿಸಿದರು. ಮತ್ತೆ ತಿರುಗಿಸಿದರು. ಅವರ ಹೆಗಲು ಮಾತ್ರ ಕಾಣುತ್ತಿತ್ತು, ಅದು ಅಲುಗುವುದು ನಿಂತಿತು.

"ದುಂಡಗಿದೆ," ಎಂದರು ತಲೆ ಎತ್ತದೆ. "ಅಂಚು ನುಣ್ಣಗಿದೆ. ಒಂದು ಕೋಶ ಆಚೀಚೆ ಇಲ್ಲ."

"ಚೆನ್ನಾಗಿದ್ದಾಳಲ್ಲವಾ?" ಎಂದಳು ದಾದಿ.

"ತುಂಬ ಚೆನ್ನಾಗಿದ್ದಾಳೆ. ಇವಳು ರಾಣಿ."

ದಾದಿಯ ನಗು ಮುಖದ ಮೇಲೇ ಉಳಿದು ಹಳತಾಯಿತು.

ಯಾರೋ ಮುಂಚೆಯೇ ಬಂದು ಬಿಲ್ಲೆಗಳನ್ನು ಅದಲು ಬದಲು ಮಾಡಿದ್ದರು. ಕೆಂಪು ನೆತ್ತಿಯ ಕೆಳಗೆ ಕರಗಿ ಸತ್ತದ್ದು ಸೋಮಾರಿ. ಅಚ್ಚುಕಟ್ಟಾಗಿ ಹೊಲಿದುಕೊಂಡಿದ್ದ, ಅಪ್ಪನ ಅಕ್ಷರವನ್ನೂ ಅಮ್ಮನ ಅಕ್ಷರವನ್ನೂ ಉಳಿಸಿಕೊಂಡಿದ್ದ, ಯೋಚಿಸಿ ಯೋಚಿಸಿ ಬೆಳೆಯುತ್ತಿದ್ದ ಬಡಪಾಯಿ. ಮೇಡಂ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ಬೀಳ್ಕೊಟ್ಟದ್ದು ಅವಳನ್ನು.

"ರಾಣಿಯ ಕಾಯಿಲೆ ವಿಷಯ," ನಿಧಾನಪ್ಪ ಕೇಳಿದರು, "ಅವಳನ್ನ ಮುಗಿಸಿಬಿಡ್ತೀನಿ ಅನ್ನೋ ವಿಷಯ, ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಇವಳಿಗೂ ಹೇಳಿರಲಿಲ್ಲ." ಮೇಡಂ ದಾದಿಯ ಕಡೆ ಕೈ ತೋರಿದರು. ಕೈ ಅರ್ಧದಲ್ಲೇ ನಿಂತಿತು. "ಒಬ್ಬರಿಗೆ ಹೇಳಿದ್ದೆ. ಹೇಳದೆ ಇರೋದು ಸರಿಯಲ್ಲ ಅನ್ನಿಸ್ತು. ಕಣ್ಣು ಅವಳದು."

"ಅವಳು ಏನಂದ್ಲು?"

"ಒಂದೇ ಒಂದು ಕೇಳಿದ್ಲು, ಸೋಮಾರಿ ಅಷ್ಟು ನಿಧಾನ ಅಂತೀರಲ್ಲ ಮೇಡಂ, ನನ್ನ ಕಣ್ಣು ಇರೋವರೆಗೆ ಅವಳು ಸಿದ್ಧ ಆಗ್ತಾಳಾ ಅಂತ. ನಾನು ಆಗಬಹುದು ಅಂದೆ." ಮೇಡಂ ಸೂಕ್ಷ್ಮದರ್ಶಕದ ದೀಪ ಆರಿಸಿದರು. "ಆಗಬಹುದು ಅಂದ್ರೆ ಆಗದೇನೂ ಇರಬಹುದು ಅಲ್ಲವಾ ಅಂದ್ಲು. ಹೌದು ಅಂದೆ. ಸುಳ್ಳು ಹೇಳೋಕೆ ಬರಲಿಲ್ಲ."

ನಿಧಾನಪ್ಪ ಪಕ್ಕದ ಕೋಣೆಯತ್ತ ಕಿವಿಗೊಟ್ಟರು. ಟಿಕ್ ಟಿಕ್, ಟಿಕ್ ಟಿಕ್.

ಗಾಜಿನ ಬಾಗಿಲಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ ಸದ್ದಾಯಿತು. ಆಚೆ ವಾಚ್ ರಿಪೇರಿಯವರ ಮಗಳು ನಿಂತಿದ್ದಳು. ಒಂದು ಕೈಯಲ್ಲಿ ರುಜು ಹಾಕಿದ ಕಾಗದ. ಇನ್ನೊಂದು ಕೈಯ ಹೆಬ್ಬೆರಳು ಸೊಂಟದ ಚರ್ಮದ ಚೀಲದ ಮೇಲೆ. ಅವಳ ಹಿಂದೆ ನಿರ್ದೇಶಕರು ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಗೊತ್ತಾಯ್ತಾ ಸಾರ್?" ಗಾಜಿನಾಚೆಯಿಂದ ದನಿ ಸಣ್ಣಗೆ ಬಂತು. "ನನ್ನ ಕಣ್ಣೊಳಗೆ ಹೋಗೋದು ಯಾರು ಅಂತ?"

ಅವಳು ಕೇಳಿದ್ದು ತಟ್ಟೆಯ ವಿಷಯ. ಆದರೆ ತಟ್ಟೆಯ ಕಡೆಗೆ ನೋಡುತ್ತಿರಲಿಲ್ಲ. ಮುಖವನ್ನು ಹಕ್ಕಿಯಂತೆ ಓರೆ ಮಾಡಿ, ಇನ್ನೂ ಉಳಿದಿದ್ದ ಕಣ್ಣಂಚಿನಿಂದ, ನಿಧಾನಪ್ಪನವರ ಅಂಗೈಯಲ್ಲಿದ್ದ ಟ್ಯೂಬಿನ ಕೆಂಪು ಬಿಲ್ಲೆಯನ್ನೇ ನೋಡುತ್ತಿದ್ದಳು.